ಟೆಂಟು ಕಟ್ಟಿಕೊಂಡು ಕಡಲ ದಾರಿಯಲ್ಲಿ: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಾನು, ನಮ್ಮ ಯಜಮಾನರು ಆಸ್ಟ್ರೇಲಿಯಾದ ಸಿಡ್ನಿಯಿಂದ ಮೆಲ್ಬರ್ನ್‌ವರೆಗೆ ಬಾಡಿಗೆ ಕಾರಿನಲ್ಲಿ, ಒಂದು ಟೆಂಟು ಇಟ್ಟುಕೊಂಡು, ಕಡಲ ಪಕ್ಕದ ದಾರಿಯಲ್ಲೇ ಹೋಗಿಬಂದದ್ದನ್ನು ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯವೇ ಜಾಸ್ತಿ. ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿ ಓದುತ್ತಿದ್ದಾರೆ, ಕೆಲಸದಲ್ಲಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನಮಸ್ತೆ. ನಮ್ಮದು ಶಿಡ್ಲಘಟ್ಟ, ರೇಷ್ಮೆ ನೂಲು ಬಿಚ್ಚುವ ಕೆಲಸ. ನನಗೆ 49, ನಮ್ಮ ಯಜಮಾನರಿಗೆ 54. ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಫೆಬ್ರವರಿಯಲ್ಲಿ ಹೋಗುತ್ತಿದ್ದೇವೆ. ಮಗನಿಗೆ ರಜೆ ಸಿಗುವುದಿಲ್ಲ, ನಾವಿಬ್ಬರೇ ಸುತ್ತಬೇಕು. 12 ದಿನದಲ್ಲಿ ಸಿಡ್ನಿಯಿಂದ ಹೊರಟು ಮೆಲ್ಬರ್ನ್, ಗ್ರೇಟ್ ಓಷನ್ ರೋಡ್ ಎಲ್ಲಾ ನೋಡಿಕೊಂಡು ಅಡಿಲೇಡ್‌ವರೆಗೆ ಹೋಗಬೇಕೆಂದು ಯೋಚನೆ. ದಿನಾ ಒಂದು ಊರು. ಟೆಂಟಿನಲ್ಲಿ ಮಲಗುತ್ತೇವೆ ಅಂದರೆ ನಮ್ಮ ನಾದಿನಿ, ಭಾವ ಎಲ್ಲಾ ಈ ವಯಸ್ಸಿಗೆ ಇದೆಲ್ಲಾ ಬೇಕಾ ಅಂತಾರೆ. ನೀವೇನಂತೀರಿ?

ಉತ್ತರ: ವಯಸ್ಸಿನ ಮಾತು ಮೊದಲು ಮುಗಿಸೋಣ. ನಾವು ಹೋದಾಗ ನನಗೆ 58, ಅವರಿಗೆ 63. ಅಲ್ಲಿನ ಕ್ಯಾಂಪಿಂಗ್ ಜಾಗಗಳಲ್ಲಿ ಸುತ್ತ ನೋಡಿದರೆ ಅರ್ಧಕ್ಕರ್ಧ ತಲೆ ನೆರೆತವರೇ ಇದ್ದರು. ‘ಹಾಲಿಡೇ ಪಾರ್ಕ್’ ಅನ್ನುವ ಕಡೆ ಬಿಸಿನೀರಿನ ಸ್ನಾನದ ಮನೆ, ಚೊಕ್ಕ ಶೌಚಾಲಯ, ಎಲ್ಲರೂ ಬಳಸುವ ಅಡುಗೆಮನೆ, ಬಟ್ಟೆ ಒಗೆಯುವ ಮಿಷನ್ ಎಲ್ಲಾ ಇರುತ್ತದೆ. ನೀವು ನಿಭಾಯಿಸಬೇಕಾದದ್ದು ಎರಡೇ, ಮಂಡಿ ಮತ್ತು ಚಳಿ. ಫೆಬ್ರವರಿ ಅಲ್ಲಿ ಬೇಸಿಗೆಯೇ, ಆದರೂ ರಾತ್ರಿ ನೆಲದ ತಂಪು ಬೆನ್ನಿಗೆ ಹತ್ತುತ್ತದೆ. ಗಾಳಿ ತುಂಬುವ ದಪ್ಪ ಹಾಸಿಗೆಗೆ ದುಡ್ಡು ಹಾಕಿ, ಟೆಂಟಿಗೆ ಕಡಿಮೆ ಹಾಕಿದರೂ ಪರವಾಗಿಲ್ಲ. ನಿಂತು ಸೀರೆ ಉಡುವಷ್ಟು ಎತ್ತರದ ಟೆಂಟೇ ತಗೊಳ್ಳಿ. ನಾನು ಅದನ್ನು ಮೂರನೇ ದಿನ ಕಲಿತೆ, ಕುಕ್ಕರುಗಾಲಿನಲ್ಲಿ ಬಟ್ಟೆ ಬದಲಾಯಿಸಿ ಸೊಂಟ ಹಿಡಿದ ಮೇಲೆ.

ನಾನು ಬೇಡ ಅನ್ನುವುದು ನಿಮ್ಮ ಪ್ಲಾನನ್ನು. ಸಿಡ್ನಿಯಿಂದ ಮೆಲ್ಬರ್ನ್‌ಗೆ ಒಳನಾಡಿನ ಹೆದ್ದಾರಿಯಲ್ಲಿ ಹೋದರೆ ಸುಮಾರು 880 ಕಿಲೋಮೀಟರ್. ಕಡಲ ಕಡೆಯ ಪ್ರಿನ್ಸಸ್ ಹೆದ್ದಾರಿ ಹಿಡಿದರೆ ಸಾವಿರ ದಾಟುತ್ತದೆ. ಮುಂದೆ ಗ್ರೇಟ್ ಓಷನ್ ರೋಡ್ ಸುತ್ತಿಕೊಂಡು ಅಡಿಲೇಡ್ ಅಂದರೆ ಹತ್ತಿರಹತ್ತಿರ ಇನ್ನೊಂದು ಸಾವಿರ. ನಾವು ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಬಿಟ್ಟು ರಾತ್ರಿ ಹೈದರಾಬಾದ್ ಸೇರುವ ಜನ, ದಿನಕ್ಕೆ ಇನ್ನೂರು ಕಿಲೋಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಟೆಂಟಿನ ಲೆಕ್ಕ ಬೇರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಜಾಗ ಖಾಲಿ ಮಾಡಬೇಕು. ಇಬ್ಬನಿಗೆ ನೆನೆದ ಟೆಂಟನ್ನು ಒಣಗಿಸಿ, ಮಡಿಸಿ, ಡಿಕ್ಕಿಗೆ ತುಂಬಲು ಒಂದು ಗಂಟೆ. ಸಂಜೆ ಮತ್ತೆ ಗೂಟ ಹೊಡೆದು, ಹಾಸಿಗೆಗೆ ಗಾಳಿ ತುಂಬಿ, ಒಲೆ ಹಚ್ಚಲು ಇನ್ನೊಂದು ಗಂಟೆ. ಸೂರ್ಯ ಇಳಿಯುವ ಮೊದಲೇ ಕಾರು ನಿಲ್ಲಿಸಿಬಿಡಬೇಕು. ಯಾಕೆಂದರೆ ಕಾಂಗರೂ, ವಾಂಬ್ಯಾಟ್ (ಬಿಲ ತೋಡುವ ಗಿಡ್ಡ, ದಪ್ಪ ಪ್ರಾಣಿ) ರಸ್ತೆಗೆ ಬರುವುದು ಮುಸ್ಸಂಜೆ ಮತ್ತು ಮುಂಜಾವಿನಲ್ಲೇ. ಮೊದಲನೇ ಸಂಜೆ ತಡವಾಗಿ ಹೊರಟ ನಮ್ಮ ಕಾರಿನ ಮುಂದೆ ಒಂದು ಕಾಂಗರೂ ಪೊದೆಯಿಂದ ಹಾರಿ ಬಂತು. ಬ್ರೇಕ್ ಹಿಡಿದು ನಿಂತೆವು, ಅದೂ ನಿಂತು ನಮ್ಮನ್ನು ನೋಡಿ ಹೋಯಿತು, ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಸಂಜೆ ನಾಲ್ಕರ ಮೇಲೆ ನಮ್ಮ ಕಾರು ಓಡಲಿಲ್ಲ. ಇಷ್ಟೆಲ್ಲಾ ಕಳೆದರೆ ದಿನದಲ್ಲಿ ಉಳಿಯುವುದು ನಾಲ್ಕೈದು ಗಂಟೆ. ಅದರಲ್ಲಿ ಊಟ, ಬಂಕ್, ಅಂಗಡಿ, ದಾರಿಯಲ್ಲಿ ಕಂಡ ಕಡಲತೀರ. ದಿನಾ ಊರು ಬದಲಾಯಿಸಿದರೆ ನೀವು ನೋಡುವುದು ರಸ್ತೆಯನ್ನೇ.

ಅದಕ್ಕೇ ನನ್ನ ಮಾತು ಕೇಳಿ. ಅಡಿಲೇಡ್ ಬಿಟ್ಟುಬಿಡಿ. ಸಿಡ್ನಿಯಿಂದ ಮೆಲ್ಬರ್ನ್, ಅಷ್ಟೇ. ಹನ್ನೆರಡು ರಾತ್ರಿ, ಏಳು ಜಾಗ, ಆದಷ್ಟೂ ಕಡೆ ಎರಡೆರಡು ರಾತ್ರಿ. ಎರಡನೇ ದಿನ ಬೆಳಿಗ್ಗೆ ಏನನ್ನೂ ಕಟ್ಟಬೇಕಾಗಿಲ್ಲ ಅಂತ ಗೊತ್ತಿದ್ದು ಟೆಂಟಿನ ಬಾಗಿಲಲ್ಲಿ ಕೂತು ಕಾಫಿ ಕುಡಿಯುವ ಸುಖವೇ ಬೇರೆ.

ಸಿಡ್ನಿ ಬಿಟ್ಟಮೇಲೆ ದಕ್ಷಿಣಕ್ಕೆ ಸೀ ಕ್ಲಿಫ್ ಸೇತುವೆ ಸಿಗುತ್ತದೆ. ಬೆಟ್ಟದ ಬಂಡೆ ರಸ್ತೆಗೆ ಬೀಳುತ್ತಿತ್ತು ಅಂತ ರಸ್ತೆಯನ್ನೇ ಕಡಲ ಮೇಲಕ್ಕೆ ಸರಿಸಿ 2005ರಲ್ಲಿ ಕಟ್ಟಿದ್ದು, 665 ಮೀಟರ್ ಉದ್ದ. ಕಾರು ನಿಲ್ಲಿಸಿ ನಡೆದು ನೋಡಿ. ಕಿಯಾಮಾದಲ್ಲಿ ಅಲೆ ಬಂಡೆಯ ಬಿಲದೊಳಗೆ ನುಗ್ಗಿ ಆಕಾಶಕ್ಕೆ ಚಿಮ್ಮುತ್ತದೆ, ಅರ್ಧ ಗಂಟೆ ಸಾಕು. ಜರ್ವಿಸ್ ಕೊಲ್ಲಿಯಲ್ಲಿ ಎರಡು ರಾತ್ರಿ ಇರಿ. ಅಲ್ಲಿನ ಮರಳು ಅಕ್ಕಿಹಿಟ್ಟಿನ ಹಾಗೆ ಬೆಳ್ಳಗಿದೆ.

ಆಮೇಲೆ ಮುರ‍್ರಮರಾಂಗ್ ರಾಷ್ಟ್ರೀಯ ಉದ್ಯಾನ. ಇಲ್ಲಿ ಎರಡು ರಾತ್ರಿ ಇರದಿದ್ದರೆ ನನಗೆ ಬೇಜಾರಾಗುತ್ತದೆ. ಅಲ್ಲಿನ ಪೆಬ್ಲಿ ಬೀಚಿನಲ್ಲಿ ಕಾಂಗರೂಗಳು ಹುಲ್ಲಿನ ಮೇಲೆ, ಒಮ್ಮೊಮ್ಮೆ ಮರಳಿನ ಮೇಲೂ, ಊರಿನ ದನಗಳ ಹಾಗೆ ಓಡಾಡಿಕೊಂಡಿರುತ್ತವೆ. ತಿನ್ನಲು ಏನೂ ಕೊಡಬೇಡಿ, ಬ್ರೆಡ್ಡು ಅವಕ್ಕೆ ರೋಗ ತರುತ್ತದೆ. ನನಗೆ ಕಾಂಗರೂಗಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಅಲ್ಲಿನ ಕಾಡು. ಚುಕ್ಕೆ ಚುಕ್ಕೆ ತೊಗಟೆಯ ಎತ್ತರದ ಗಮ್ ಮರಗಳು, ನಮ್ಮ ನೀಲಗಿರಿ ಮರದ ದಾಯಾದಿಗಳು, ಕಡಲ ಅಂಚಿನವರೆಗೂ ನಿಂತಿವೆ. ಕಾರಿನ ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ನಮ್ಮ ಯಜಮಾನರು, ‘ಇದು ನಂದಿಬೆಟ್ಟದ ವಾಸನೆ ಕಣೇ’ ಅಂದರು. ನಿಜ ತಾನೇ? ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತೋಟದಲ್ಲಿ ಬೆಳೆಸಿದ ನೀಲಗಿರಿಯೇ ಈ ದೇಶದಲ್ಲಿ ಮೊದಲನೆಯದು ಅನ್ನುತ್ತಾರೆ. ಅದರ ಸಂತತಿ ಮುಂದೆ ನಮ್ಮ ಜಿಲ್ಲೆಗಳ ಬಯಲು, ಗೋಮಾಳ, ಕೆರೆಯ ಅಂಚು ಎಲ್ಲವನ್ನೂ ತುಂಬಿಕೊಂಡಿತು, ಅಂತರ್ಜಲ ಕುಡಿಯುತ್ತದೆ ಅಂತ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನಮ್ಮ ಹೊಲದ ಬದುವಿನಲ್ಲಿ ನಾವು ಬೈದುಕೊಳ್ಳುವ ಮರ ತನ್ನ ತವರಿನಲ್ಲಿ, ತನಗೆ ಒಪ್ಪುವ ಮಳೆ, ಮಣ್ಣು, ಪ್ರಾಣಿ ಪಕ್ಷಿಗಳ ನಡುವೆ ಎಷ್ಟು ಚೆನ್ನಾಗಿದೆ ಅಂತ ನೋಡಿ ನನಗೆ ಸಂತೋಷವೂ ಆಯಿತು, ಒಂಥರಾ ಸಂಕಟವೂ ಆಯಿತು. ಒಂದು ಎಚ್ಚರಿಕೆ ಹೇಳಲೇಬೇಕು. ದೊಡ್ಡ ಗಮ್ ಮರದ ಕೊಂಬೆಯ ಕೆಳಗೆ ಟೆಂಟು ಹಾಕಬೇಡಿ. ಗಾಳಿಯೇ ಇಲ್ಲದ ದಿನವೂ ದಪ್ಪ ಕೊಂಬೆ ಮುರಿದು ಬೀಳುತ್ತದೆ. ನೆರಳು ಎಷ್ಟೇ ಚೆನ್ನಾಗಿರಲಿ, ದೂರ ಹೋಗಿ.

ನರೂಮಾದಲ್ಲಿ ಒಂದು ರಾತ್ರಿ. ಅಲ್ಲಿಂದ ದೋಣಿಯಲ್ಲಿ ಮಾಂಟೆಗ್ಯೂ ದ್ವೀಪಕ್ಕೆ ಹೋದರೆ ಸೀಲ್‌ಗಳು ಬಂಡೆಯ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಮೆರಿಂಬುಲಾ ಕಡೆ ಎರಡು ರಾತ್ರಿ ಇದ್ದು, ಒಂದು ಹಗಲು ಈಡನ್ ಊರಿಗೆ ಹೋಗಿಬನ್ನಿ. ಒಂದು ಕಾಲದಲ್ಲಿ ಅಲ್ಲಿ ತಿಮಿಂಗಿಲ ಹಿಡಿಯುವ ಮನುಷ್ಯರಿಗೆ ಓರ್ಕಾ ಮೀನುಗಳ ಗುಂಪೊಂದು ಜೊತೆಗೂಡಿ ಬೇಟೆಯಾಡುತ್ತಿತ್ತು. ಓರ್ಕಾಗಳು ತಿಮಿಂಗಿಲವನ್ನು ಕೊಲ್ಲಿಯೊಳಗೆ ಅಟ್ಟುತ್ತಿದ್ದವು. ಜನ ಹಿಡಿದ ಮೇಲೆ ಅದರ ನಾಲಿಗೆ, ತುಟಿ ಅವುಗಳ ಪಾಲು. ಅವುಗಳಲ್ಲಿ ‘ಓಲ್ಡ್ ಟಾಮ್’ ಅನ್ನುವುದು 1930ರಲ್ಲಿ ಸತ್ತಿತು, ಅದರ ಅಸ್ಥಿಪಂಜರ ಅಲ್ಲಿನ ಮ್ಯೂಸಿಯಂನಲ್ಲಿದೆ. (ಮೀನು ಅಂದೆ, ಅಸಲಿಗೆ ಅದು ಡಾಲ್ಫಿನ್ ಜಾತಿ, ಹಾಲೂಡಿಸುವ ಪ್ರಾಣಿ.)

ಮೆರಿಂಬುಲಾದಲ್ಲಿ ನಮಗೆ ಪೆಟ್ಟು ಬಿತ್ತು. ಮಧ್ಯಾಹ್ನ ಸೆಕೆಯೋ ಸೆಕೆ. ಸಂಜೆಗೆ ದಕ್ಷಿಣದಿಂದ ಗಾಳಿ ತಿರುಗಿತು, ಹದಿನೈದು ನಿಮಿಷದಲ್ಲಿ ಮೈ ನಡುಗುವಷ್ಟು ತಂಪು, ರಾತ್ರಿ ಟೆಂಟಿನ ಒಂದು ಕೋಲು ಮುರಿದೇಹೋಯಿತು. ಇಬ್ಬರೂ ಕಾರಿನ ಸೀಟು ಒರಗಿಸಿ ಮಲಗಿದೆವು. ತಪ್ಪು ನಮ್ಮದೇ. ಚೋಟುದ್ದದ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ, ಉದ್ದನೆಯ ಮರಳು ಗೂಟ ಬೇರೆ ಸಿಗುತ್ತವೆ. ಟೆಂಟಿನ ಹಿಂಬದಿಯನ್ನು ಗಾಳಿ ಬರುವ ಕಡೆಗೆ ಮಾಡಿ, ಎಲ್ಲಾ ಹಗ್ಗ ಬಿಗಿದು ಮಲಗಿ. ಆ ಕರಾವಳಿಯಲ್ಲಿ ಬೇಸಿಗೆಯ ಸೆಕೆ ಏರಿದ ದಿನ ಈ ದಕ್ಷಿಣದ ಗಾಳಿ ಹೀಗೇ ದಿಢೀರನೆ ಬರುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಬೆಳಿಗ್ಗೆಯೇ ನೋಡಿಬಿಡಿ.

ಅಲ್ಲಿಂದ ನ್ಯೂ ಸೌತ್ ವೇಲ್ಸ್ ರಾಜ್ಯದ ಗಡಿ ದಾಟಿ ವಿಕ್ಟೋರಿಯಾ ರಾಜ್ಯಕ್ಕೆ. ಮಲ್ಲಕೂಟದಲ್ಲಿ ಎರಡು, ಲೇಕ್ಸ್ ಎಂಟ್ರೆನ್ಸ್‌ನಲ್ಲಿ ಒಂದು, ಕೊನೆಗೆ ವಿಲ್ಸನ್ಸ್ ಪ್ರಾಮಂಟರಿಯ ಟೈಡಲ್ ರಿವರ್‌ನಲ್ಲಿ ಎರಡು ರಾತ್ರಿ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ದಕ್ಷಿಣ ತುದಿ ಇರುವುದು ಅಲ್ಲೇ. ಹೊಳೆಯ ನೀರು ಡಿಕಾಕ್ಷನ್ ಬಣ್ಣ, ಕೊಳೆಯಲ್ಲ, ಗಿಡಗಳ ಒಗರು ಇಳಿದದ್ದು. ಹತ್ತಿರದ ಸ್ಕ್ವೀಕಿ ಬೀಚಿನಲ್ಲಿ ಕಾಲೆಳೆದು ನಡೆದರೆ ಮರಳು ಕೀಂಯ್ ಕೀಂಯ್ ಅನ್ನುತ್ತದೆ. ಟೆಂಟಿನೊಳಗೆ ತಿಂಡಿ ಇಡಬೇಡಿ, ವಾಂಬ್ಯಾಟ್ ಬಂದು ಬಟ್ಟೆ ಹರಿದು ಒಳಗೆ ನುಗ್ಗುತ್ತದೆ. ಬಿಸ್ಕತ್ತಿನ ಪೊಟ್ಟಣವೂ ಕಾರಿನಲ್ಲೇ ಇರಲಿ.

ಗ್ರೇಟ್ ಓಷನ್ ರೋಡ್ ಬಿಟ್ಟುಬಿಡಿ ಅನ್ನುತ್ತಿಲ್ಲ. ಮೊದಲನೇ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಕಡಿದು ಮಾಡಿದ 243 ಕಿಲೋಮೀಟರ್ ದಾರಿ ಅದು. ಅದನ್ನು ಮಗನ ಜೊತೆ ನೋಡಿ. ಅವನಿಗೆ ಶನಿವಾರ ಭಾನುವಾರ ಬಿಡುವು ಇರುತ್ತದಲ್ಲ, ಮೆಲ್ಬರ್ನ್‌ನಿಂದ ಒಂದು ರಾತ್ರಿ ಉಳಿಯುವ ಹಾಗೆ ಹೋಗಿಬನ್ನಿ. ಹನ್ನೆರಡು ಅಪೋಸ್ತಲರು ಅನ್ನುವ ಬಂಡೆಗಳು ಹನ್ನೆರಡಿಲ್ಲ, 2005ರಲ್ಲೂ ಒಂದು ಕುಸಿದು ಬಿತ್ತು. ಅಮ್ಮ, ಅಪ್ಪ, ಮಗ ಮೂವರೂ ಒಟ್ಟಿಗೆ ನಿಂತು ನೋಡಿದ್ದು ನಿಮಗೆ ಜಾಸ್ತಿ ದಿನ ನೆನಪಿರುತ್ತದೆ.

ಪ್ರಶ್ನೆ: ನಾವು ಗೌರಿಬಿದನೂರಿನವರು, ಮದುವೆಯಾಗಿ ಆರು ತಿಂಗಳು. ಬೀಚಿನ ಪಕ್ಕ ಎಲ್ಲೆಂದರಲ್ಲಿ ಕಾರು ನಿಲ್ಲಿಸಿ ಮಲಗಬಹುದು, ದುಡ್ಡು ಉಳಿಯುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಇಲ್ಲ. ಎಷ್ಟೋ ಊರುಗಳಲ್ಲಿ ಬೀಚಿನ ಪಾರ್ಕಿಂಗ್‌ನಲ್ಲಿ ರಾತ್ರಿ ಮಲಗಬಾರದು ಅಂತ ಬೋರ್ಡ್ ಇರುತ್ತದೆ. ಕಾವಲಿನವರು ಬೆಳಗಿನ ಜಾವ ಬಂದು ಗಾಜು ತಟ್ಟಿ ದಂಡ ಹಾಕುತ್ತಾರೆ. ಹೆದ್ದಾರಿ ಪಕ್ಕ ಕೆಲವು ವಿಶ್ರಾಂತಿ ತಾಣಗಳಲ್ಲಿ ಬಿಡುತ್ತಾರೆ, ಅಲ್ಲಿನ ಬೋರ್ಡ್ ಓದಿಯೇ ನಿಲ್ಲಿ. ದುಡ್ಡು ಉಳಿಸಬೇಕಾದರೆ ರಾಷ್ಟ್ರೀಯ ಉದ್ಯಾನಗಳ ಕ್ಯಾಂಪಿಂಗ್ ಜಾಗ ಹಿಡಿಯಿರಿ, ಹಾಲಿಡೇ ಪಾರ್ಕಿಗಿಂತ ಅಗ್ಗ. ಆದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಬೇಕು. ಕರೆಂಟ್ ಇರುವುದಿಲ್ಲ, ಎಷ್ಟೋ ಕಡೆ ಗುಂಡಿ ಶೌಚಾಲಯ, ಕುಡಿಯುವ ನೀರು ನೀವೇ ಒಯ್ಯಬೇಕು. ಹೊಸ ಜೋಡಿ ಅಂತ ಹೇಳುತ್ತೇನೆ, ಎರಡು ರಾತ್ರಿ ಕಾಡಿನಲ್ಲಿ, ಒಂದು ರಾತ್ರಿ ಬಿಸಿನೀರು ಇರುವ ಕಡೆ, ಹೀಗೆ ಹೊಂದಿಸಿಕೊಳ್ಳಿ. ಟೆಂಟು ಹಾಕುವಾಗ ಇಬ್ಬರೂ ಸೂಚನೆ ಕೊಡಬೇಡಿ. ಒಂದು ದಿನ ಒಬ್ಬರು ಹೇಳಲಿ, ಇನ್ನೊಬ್ಬರು ಮಾಡಲಿ. ನಮ್ಮ ಮನೆಯಲ್ಲಿ ಮಾತು ಬಿಟ್ಟದ್ದು ಬರೀ ಗೂಟದ ವಿಷಯಕ್ಕೆ.

ಪ್ರಶ್ನೆ: ಶ್ರೀನಿವಾಸಪುರದಿಂದ. ಅಳಿಯ ಮಗಳಿಗೆ ಹಿತಕಿದ ಅವರೆಬೇಳೆ, ಕರಿಬೇವು, ಮನೆ ತುಪ್ಪ ತೆಗೆದುಕೊಂಡು ಹೋಗಬಹುದಾ? ದಾರಿಯಲ್ಲಿ ಮುದ್ದೆ ಮಾಡಿಕೊಳ್ಳಲು ಆಗುತ್ತದಾ?

ಉತ್ತರ: ಕರಿಬೇವು, ತುಪ್ಪ, ಪೇಡಾ, ಹಸಿ ಅವರೆ, ಯಾವುದೇ ಬಿತ್ತನೆ ಬೀಜ ಬೇಡವೇ ಬೇಡ. ಗಿಡದ ರೋಗ, ದನದ ಕಾಲುಬಾಯಿ ಜ್ವರ ಒಳಗೆ ಬರಬಾರದು ಅಂತ ಆ ದೇಶ ಬಹಳ ಬಿಗಿಯಾಗಿದೆ. ರೈತರಾದ ನಮಗೆ ಅದು ಅರ್ಥವಾಗುತ್ತದೆ, ಅಲ್ವಾ? ತಿನ್ನುವ ಪದಾರ್ಥ ಏನೇ ಇರಲಿ, ಚಟ್ನಿಪುಡಿಯಾದರೂ ಸರಿ, ಅಲ್ಲಿ ಇಳಿಯುವಾಗ ತುಂಬಿಕೊಡುವ ಘೋಷಣೆಯಲ್ಲಿ ‘ಇದೆ’ ಅಂತಲೇ ಬರೆಯಿರಿ. ಬರೆದರೆ ಹೆಚ್ಚೆಂದರೆ ಕಸಕ್ಕೆ ಹಾಕುತ್ತಾರೆ. ಮುಚ್ಚಿಟ್ಟರೆ ದೊಡ್ಡ ದಂಡ, ವೀಸಾಕ್ಕೂ ಕುತ್ತು ಬರಬಹುದು. ಹೊಲದ ಮಣ್ಣು ಮೆತ್ತಿದ ಚಪ್ಪಲಿ, ಶೂ, ಬಳಸಿದ ಟೆಂಟು ಇದ್ದರೆ ತೊಳೆದು ಒಣಗಿಸಿ, ಅದನ್ನೂ ಹೇಳಿ. ರಾಗಿಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಸಿಡ್ನಿಯ ಹ್ಯಾರಿಸ್ ಪಾರ್ಕ್, ಮೆಲ್ಬರ್ನ್‌ನ ಡ್ಯಾಂಡೆನಾಂಗ್ ಕಡೆ ಇಂಥ ಅಂಗಡಿಗಳು ಬೇಕಾದಷ್ಟಿವೆ. ಸಣ್ಣ ಊರುಗಳಲ್ಲಿ ಸಿಗುವುದಿಲ್ಲ, ಹೊರಡುವಾಗಲೇ ತುಂಬಿಕೊಳ್ಳಿ.

ಮುದ್ದೆ ಖಂಡಿತಾ ಆಗುತ್ತದೆ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಒಲೆಯನ್ನೂ ಡಬ್ಬಿಯನ್ನೂ ಅಲ್ಲೇ ಕೊಳ್ಳಿ. ಒಂಟಿ ಒಲೆಯ ಮೇಲೆ ಗಾಳಿಗೆ ಉರಿ ನಿಲ್ಲದೆ ಗಂಟಾಗುತ್ತದೆ, ಗಾಳಿಗೆ ಅಡ್ಡ ಹಿಡಿದು, ದಪ್ಪ ತಳದ ಸಣ್ಣ ಪಾತ್ರೆಯಲ್ಲಿ ಎರಡೇ ಮುದ್ದೆ ಮಾಡಿ. ಕೋಲು ಮರೆಯಬೇಡಿ. ನಾನು ಟೊಮೆಟೊ, ಹೆಸರುಬೇಳೆ, ಪಾಲಕ್ ಹಾಕಿ ಸಾರು ಮಾಡುತ್ತಿದ್ದೆ. ಪಕ್ಕದ ಟೆಂಟಿನ ಮುದುಕರೊಬ್ಬರು ಇದೇನು ಅಂತ ಕೇಳಿ, ಒಂದು ತುತ್ತು ಅಗಿದೇಬಿಟ್ಟರು. ನುಂಗಬೇಕು ಅಂತ ಹೇಳುವಷ್ಟರಲ್ಲಿ ತಡವಾಗಿತ್ತು, ಆದರೂ ಚೆನ್ನಾಗಿದೆ ಅಂದರು. ಮಳೆ ಬಂದರೂ ಸರಿ, ಒಲೆಯನ್ನಾಗಲಿ ಕೆಂಡವನ್ನಾಗಲಿ ಟೆಂಟಿನೊಳಗೆ ತರಬೇಡಿ. ಮುಚ್ಚಿದ ಟೆಂಟಿನಲ್ಲಿ ಸೇರುವ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಪ್ರಶ್ನೆ: ತುಮಕೂರಿನಿಂದ ಒಬ್ಬ ತಾಯಿ. ಮಗಳು ಅಳಿಯ ಜನವರಿಯಲ್ಲಿ ಟೆಂಟು ಹಾಕಿಕೊಂಡು ಹೋಗುತ್ತಾರಂತೆ. ಅಲ್ಲಿ ಕಾಡ್ಗಿಚ್ಚು, ಹಾವು ಅಂತ ಕೇಳಿ ನಿದ್ದೆ ಬರುತ್ತಿಲ್ಲ.

ಉತ್ತರ: ಸುಮ್ನೆ ಧೈರ್ಯ ಹೇಳಿ ಕಳಿಸುವುದಿಲ್ಲ ಅಮ್ಮ. ಬೆಂಕಿಯ ಭಯ ನಿಜವಾದದ್ದೇ. ಮೇಲೆ ಹೇಳಿದ ಮಲ್ಲಕೂಟದಲ್ಲಿ 2019ರ ಡಿಸೆಂಬರ್ 31ರ ಬೆಳಿಗ್ಗೆ ಹಗಲೇ ಕತ್ತಲಾಯಿತು, ಆಮೇಲೆ ಆಕಾಶ ಕೆಂಪಾಯಿತು. ಸುಮಾರು ನಾಲ್ಕು ಸಾವಿರ ಜನ ನೀರಿನ ಅಂಚಿಗೆ ಬಂದು ನಿಂತರು. ಊರಿಗೆ ಇರುವ ರಸ್ತೆ ಮುಚ್ಚಿಹೋಗಿತ್ತು. ಕೆಲವು ದಿನದ ಮೇಲೆ ನೌಕಾಪಡೆಯ ಹಡಗು ಬಂದು ಸಾವಿರಕ್ಕೂ ಹೆಚ್ಚು ಜನರನ್ನು ಕರೆದೊಯ್ದಿತು. ನಾವು ಅಲ್ಲಿ ಇದ್ದಾಗ ಸುಟ್ಟು ಕಪ್ಪಾದ ಕಾಂಡಗಳಿಂದಲೇ ಹಸಿರು ಚಿಗುರು ಒಡೆದು ನಿಂತಿತ್ತು. ಅದನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ.

ಮಗಳಿಗೆ ಹೀಗೆ ಹೇಳಿ. ಬೆಂಕಿಯ ಅಪಾಯಕ್ಕೆ ಅಲ್ಲಿ ನಾಲ್ಕು ಹಂತ ಇಟ್ಟಿದ್ದಾರೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರೋಫಿಕ್. ರಸ್ತೆ ಬದಿಯ ಬೋರ್ಡಿನಲ್ಲೂ ತೋರಿಸುತ್ತಾರೆ. ಕೊನೆಯ ಎರಡು ಹಂತ ಹಾಕಿದ ದಿನ ಕಾಡಿನ ಕ್ಯಾಂಪಿನಲ್ಲಿ ಇರಬಾರದು, ಹಿಂದಿನ ದಿನವೇ ದೊಡ್ಡ ಊರಿಗೆ ಬಂದುಬಿಡಬೇಕು. ‘ಟೋಟಲ್ ಫೈರ್ ಬ್ಯಾನ್’ ಅಂದ ದಿನ ಸೌದೆ ಬೆಂಕಿ ಮುಟ್ಟುವಂತಿಲ್ಲ, ಗ್ಯಾಸ್ ಒಲೆಗೂ ಷರತ್ತು ಇರುತ್ತದೆ, ಅವತ್ತು ಬ್ರೆಡ್ಡು ಹಣ್ಣು ತಿಂದುಕೊಂಡಿರಲಿ. ಎಚ್ಚರಿಕೆಯ ಆ್ಯಪ್ ರಾಜ್ಯ ರಾಜ್ಯಕ್ಕೂ ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ‘ಹ್ಯಾಜರ್ಡ್ಸ್ ನಿಯರ್ ಮಿ’, ವಿಕ್ಟೋರಿಯಾದಲ್ಲಿ ‘ವಿಕ್‌ಎಮರ್ಜೆನ್ಸಿ’. ಎರಡೂ ಫೋನಿನಲ್ಲಿರಲಿ. ಎಷ್ಟೋ ಜಾಗದಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಬೆಳಿಗ್ಗೆ ಕ್ಯಾಂಪಿನ ಆಫೀಸಿನಲ್ಲೂ ಕೇಳಬೇಕು. ತುರ್ತಿಗೆ 000. ಜನವರಿ ಅಲ್ಲಿನ ಶಾಲೆಗಳ ರಜೆ ಕಾಲ, ಜಾಗವೂ ಸಿಗುವುದು ಕಷ್ಟ. ಮಾರ್ಚ್‌ಗೆ ಮುಂದೂಡಲು ಆದರೆ ನಿಮಗೂ ನೆಮ್ಮದಿ.

ಹಾವಿನ ವಿಷಯ ನಮ್ಮ ತೋಟದಲ್ಲಿ ಇರುವ ಎಚ್ಚರವೇ ಸಾಕು. ಟೆಂಟಿನ ಜಿಪ್ ಸದಾ ಹಾಕಿರಲಿ, ರಾತ್ರಿ ಟಾರ್ಚ್, ಮುಚ್ಚಿದ ಶೂ. ಇನ್ನೊಂದು, ಸಿಡ್ನಿ, ಮೆಲ್ಬರ್ನ್ ಕಡೆಯ ಗಡಿಯಾರ ಜನವರಿಯಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ. ನೀವು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವರಿಗೆ ಎರಡೂವರೆ. ಎತ್ತಲಿಲ್ಲ ಅಂತ ಗಾಬರಿ ಬೀಳಬೇಡಿ.

ಪ್ರಶ್ನೆ: ಚಿಂತಾಮಣಿಯಿಂದ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಬಾಡಿಗೆ ಕಾರಿಗೆ ಏನು ನೋಡಬೇಕು?

ಉತ್ತರ: ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿರುವ ಲೈಸೆನ್ಸ್ ನಡೆಯುತ್ತದೆ. ಆದರೂ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಶುಲ್ಕ ಸಾವಿರ ರೂಪಾಯಿ, ಒಂದು ವರ್ಷ ಇರುತ್ತದೆ. ಬಾಡಿಗೆಯವರು ಕೇಳಬಹುದು. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಬರೆಸಿ. ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅದೊಂದು ಸಲೀಸು. ವೃತ್ತದೊಳಗೆ ಆಗಲೇ ಇರುವ ಗಾಡಿಗಳಿಗೆ ದಾರಿ ಬಿಡಿ, ವೇಗದ ಮಿತಿ ಊರೊಳಗೆ ಸಾಮಾನ್ಯವಾಗಿ 50, ಶಾಲೆಯ ಬಳಿ ಮಕ್ಕಳ ವೇಳೆಗೆ 40. ಹಾರ್ನ್ ಮರೆತುಬಿಡಿ. ಇದೊಂದನ್ನು ಮಾತ್ರ ಸಹಿ ಹಾಕುವ ಮೊದಲೇ ಕೇಳಿ: ಮಣ್ಣು ರಸ್ತೆಯಲ್ಲಿ ವಿಮೆ ಇದೆಯಾ ಅಂತ. ಕಾಡಿನ ಎಷ್ಟೋ ಕ್ಯಾಂಪ್‌ಗಳಿಗೆ ಕೊನೆಯ ಕೆಲವು ಕಿಲೋಮೀಟರ್ ಜಲ್ಲಿಯೇ, ಸಾದಾ ಕಾರಿನ ವಿಮೆ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾವು ಆ ಕಾಗದ ಓದದೆ ಸಹಿ ಹಾಕಿ, ಮೂರು ಒಳ್ಳೆಯ ಜಾಗಗಳಿಗೆ ಹೋಗದೆ ಬಂದೆವು.

ಪ್ರಶ್ನೆ: ಬಾಗೇಪಲ್ಲಿಯಿಂದ. ನಮಗಿಬ್ಬರಿಗೂ ಈಜು ಬರುವುದಿಲ್ಲ. ನೀರಿಗೆ ಇಳಿಯಬಹುದಾ?

ಉತ್ತರ: ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯವರು ನಾವು, ನಮಗೂ ಬರುವುದಿಲ್ಲ. ಮಂಡಿಯವರೆಗೆ ಇಳಿದೆವು, ಅಷ್ಟಕ್ಕೇ ಮನಸ್ಸು ತುಂಬಿತು. ಆ ಕಡಲಿನಲ್ಲಿ ದಡದಿಂದ ಒಳಕ್ಕೆ ಎಳೆಯುವ ಸೆಳೆತ ಇರುತ್ತದೆ. ಅಲೆ ಮುರಿಯದೆ ನೀರು ಶಾಂತವಾಗಿ, ಕಡು ಬಣ್ಣದಲ್ಲಿ ಕಾಣುವ ಪಟ್ಟಿಯೇ ಎಷ್ಟೋ ಸಲ ಆ ಸೆಳೆತ. ಗೊತ್ತಿಲ್ಲದವರು ಅದೇ ಒಳ್ಳೆಯ ಜಾಗ ಅಂತ ಇಳಿಯುತ್ತಾರೆ. ಫೋಟೋಗೆ ಅಂತ ಕಡಲಿಗೆ ಬೆನ್ನು ಹಾಕಿ ಬಂಡೆಯ ಮೇಲೆ ನಿಲ್ಲಬೇಡಿ. ಬಂಡೆಯ ಗುಂಡಿಗಳಲ್ಲಿ ನೀಲಿ ಉಂಗುರದ ಸಣ್ಣ ಆಕ್ಟೋಪಸ್ ಇರುತ್ತದೆ, ಭಾರಿ ವಿಷ, ಕೈ ಹಾಕಬೇಡಿ. ಕೆಂಪು ಹಳದಿ ಬಾವುಟ ಎರಡು ನೆಟ್ಟಿರುತ್ತಾರೆ, ಅವುಗಳ ನಡುವೆ ಮಾತ್ರ ಇಳಿಯಬೇಕು, ಅಲ್ಲಿ ಜೀವರಕ್ಷಕರು ಕಣ್ಣಿಟ್ಟಿರುತ್ತಾರೆ. ಬಾವುಟ ಇಲ್ಲದ ಬೀಚಾದರೆ ಮರಳಿನಲ್ಲೇ ನಡೆಯಿರಿ. ಅವರು ಬಾವುಟ ಕಿತ್ತುಕೊಂಡು ಮನೆಗೆ ಹೊರಟರೆ ನೀವೂ ಮೇಲೆ ಬಂದುಬಿಡಿ.